ಗೋಪುರಕ್ಕೆ ಸೋಮವಾರ ರಜೆ

ಜೆಕ್ ದೇಶದ ಆ ಊರನ್ನು ನಾನು ಮೊದಲು ಕಂಡದ್ದು ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ, ನಾನು ಕೂರುವ ರಿಸೆಪ್ಷನ್ ಮೇಜಿನ ಎದುರಿನ ಟಿ.ವಿ.ಯಲ್ಲಿ. ಕೆಂಪು ಹಂಚಿನ ಮನೆಗಳನ್ನು ನದಿಯೊಂದು ಬಳಸಿಕೊಂಡು ಹೋಗಿತ್ತು. ಕೋಟೆಯ ಬಣ್ಣಬಣ್ಣದ ಗೋಪುರದ ಮೇಲೆ ಗಂಡ ಹೆಂಡತಿ ಇಬ್ಬರು ಒರಗಿ ನಿಂತು ಕೆಳಗೆ ನೋಡುತ್ತಿದ್ದರು. ಇನ್ಶೂರೆನ್ಸ್ ಕಾರ್ಡಿಗಾಗಿ ಜಗಳ ತೆಗೆದವರ ತಲೆಗಳ ಮೇಲಿಂದ ನಾನು ಅದನ್ನೇ ನೋಡಿದೆ.

ಮದುವೆಯಾಗಿ ಈ ದೇಶಕ್ಕೆ ಬಂದಾಗಿನಿಂದ ನಮ್ಮ ಒಂದೊಂದು ರಜೆಯೂ ಊರಿನ ಮದುವೆ, ಗೃಹಪ್ರವೇಶಗಳಿಗೇ ಹೋಗಿತ್ತು. ಮಕ್ಕಳಾಗಲಿಲ್ಲ. ಅಲ್ ರೀಮ್ ಐಲ್ಯಾಂಡಿನ ಫ್ಲ್ಯಾಟಿನಲ್ಲಿ ನಾವಿಬ್ಬರು ಎ.ಸಿ. ಹೆಚ್ಚಾಯಿತು, ಕಡಿಮೆಯಾಯಿತು ಎನ್ನುವುದರ ಹೊರತು ಬೇರೇನೂ ಮಾತಾಡದ ಹಾಗಾಗಿದ್ದೆವು. ಅಂಥದ್ದೊಂದು ಗೋಪುರದ ಮೇಲೆ ಇಬ್ಬರೇ ನಿಂತರೆ ಮಾತು ತಾನಾಗಿ ಬಂದೀತು ಎಂದು ನನಗೆ ಆಸೆಯಾಯಿತು. ಹೇಳಿದೆ. ನನ್ನ ಗಂಡ ಒಪ್ಪಿದರು. ಆ ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ.

ಆಮೇಲೆ ಅವರ ಗೆಳೆಯರಿಬ್ಬರು ಸೇರಿಕೊಂಡರು. ಇಬ್ಬರೂ ನಮ್ಮ ಉಡುಪಿ ಕಡೆಯವರೇ, ದುಬೈಯ ಜೆಬೆಲ್ ಅಲಿಯಲ್ಲಿ ಕೆಲಸ. ಹೆಂಡತಿ ಮಕ್ಕಳು ಶಾಲೆಯ ರಜೆಗೆ ಊರಿಗೆ ಹೋಗಿದ್ದರು.

"ಪಾಪ, ಒಬ್ಬೊಬ್ರೇ ಕೂತು ಎಂತ ಮಾಡ್ತಾರೆ ಮಾರಾಯ್ತಿ? ಬರ್ಲಿ. ನಿಂಗೂ ಗೌಜಿ ಆಗ್ತದೆ," ಎಂದರು ನನ್ನ ಗಂಡ.

ಈ ಗದ್ದಲ, ಗೌಜಿ ಯಾರಿಗೆ ಬೇಕಿತ್ತು? ಗೆಳೆಯರು ಬಂದ ಮೇಲೆ ಹೋಟೆಲ್ ಬೇಡವಾಯಿತು, ಅಡುಗೆಮನೆ ಇರುವ ಬಾಡಿಗೆ ಮನೆ ಬೇಕಾಯಿತು. ಮೂವರಿಗೂ ಕುಚ್ಚಲಕ್ಕಿ ಅನ್ನ ಹೊಟ್ಟೆಗೆ ಬೀಳದಿದ್ದರೆ ಊಟ ಮಾಡಿದ ಹಾಗಾಗುವುದಿಲ್ಲ. ದುಬೈಯ ಕರಾಮದ ಅಂಗಡಿಯಿಂದ ಅಕ್ಕಿ, ಉಪ್ಪಿನಕಾಯಿ, ಒಣಮೀನು ಎಲ್ಲ ಬಂತು. ನನ್ನ ಪೆಟ್ಟಿಗೆಯಲ್ಲಿ ನನ್ನ ಬಟ್ಟೆಗಿಂತ ಹೆಚ್ಚು ಜಾಗವನ್ನು ಕುಕ್ಕರ್ ಹಿಡಿಯಿತು.

ಅಷ್ಟು ದೂರ ಹೊತ್ತ ಕುಕ್ಕರ್ ಅಲ್ಲಿನ ಒಲೆಗೆ ಆಗಿಬರಲಿಲ್ಲ. ಇಂಡಕ್ಷನ್ ಒಲೆ, ನಮ್ಮ ಅಲ್ಯುಮಿನಿಯಂ ಪಾತ್ರೆಯನ್ನು ಅದು ಪಾತ್ರೆಯೆಂದೇ ಒಪ್ಪಲಿಲ್ಲ. ಆ ಮನೆಯ ಸ್ಟೀಲ್ ಬೋಗುಣಿಯಲ್ಲೇ ಅನ್ನವಾಗಬೇಕು. ಕುಚ್ಚಲಕ್ಕಿಯನ್ನು ಕುಕ್ಕರಿಲ್ಲದೆ ಬೇಯಿಸಿದವರಿಗೆ ಗೊತ್ತು, ಅದಕ್ಕೆ ಯಾರ ಅವಸರವೂ ತಾಗುವುದಿಲ್ಲ.

ನಾವು ತಲುಪಿದ್ದು ಶನಿವಾರ ಸಂಜೆ. ಭಾನುವಾರ ಬೆಳಿಗ್ಗೆ ಮೂವರೂ ಶೂ ಹಾಕಿಕೊಂಡು ನಿಂತಾಗ ನನ್ನ ಅನ್ನ ಇನ್ನೂ ಕುದಿಯುತ್ತಿತ್ತು.

"ನಾವು ದಾರಿ ನೋಡಿಕೊಂಡು ಬರ್ತೇವೆ. ಮಧ್ಯಾಹ್ನ ಉಂಡು ನಿನ್ನನ್ನು ಕರ್ಕೊಂಡು ಹೋಗ್ತೇನೆ," ಎಂದರು ಇವರು.

"ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ? ನಿಧಾನಕ್ಕೆ ನೋಡುವಾ ಅಕ್ಕ," ಎಂದು ಗೆಳೆಯರಲ್ಲೊಬ್ಬ ನಕ್ಕ.

ಮನೆಗಿದ್ದ ಒಂದೇ ಬೀಗದಕೈ ನನ್ನ ಗಂಡನ ಜೇಬಿನಲ್ಲಿ ಹೋಯಿತು, ಮನೆ ತೆರೆದಿಟ್ಟು ನಾನು ಹೊರಡುವ ಹಾಗಿರಲಿಲ್ಲ. ನಾನು ಅನ್ನ ಬಸಿದೆ, ಸಾರು ಮಾಡಿದೆ. ಒಣಮೀನು ಹುರಿದಾಗ ಚಾವಣಿಯ ಹೊಗೆಯ ಅಲಾರಾಂ ಊರಿಡೀ ಕೇಳುವಂತೆ ಕಿರುಚಿಕೊಂಡಿತು. ಕೆಳಗಿನ ಮನೆಯ ಒಡತಿ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಿಗೆ ಬಂದಳು. ಅವಳ ಭಾಷೆ ನನಗೆ ಬಾರದು, ಅವಳ ಮುಖ ಮಾತ್ರ ಚೆನ್ನಾಗಿ ಅರ್ಥವಾಯಿತು. ಕೈಮುಗಿದು ಕಳಿಸಿದೆ. ಕಿಟಕಿಯಿಂದ ಎದುರು ಮನೆಯ ಗೋಡೆ ಕಾಣುತ್ತಿತ್ತು. ನದಿಯ ಸದ್ದು ಕೇಳುತ್ತಿತ್ತು, ನದಿ ಕಾಣುತ್ತಿರಲಿಲ್ಲ.

ಅವರು ಬಂದದ್ದು ಮೂರು ಗಂಟೆಗೆ, ನದಿ ದಂಡೆಯಲ್ಲಿ ಬಿಯರ್ ಕುಡಿದು, ಮುಖ ಕೆಂಪಗೆ ಮಾಡಿಕೊಂಡು. ಗೋಪುರ ಹತ್ತಿಯೂ ಆಗಿತ್ತು. "ಅಲ್ಲಿ ಕ್ಯೂ ಇರ್ಲಿಲ್ಲ, ಹಾಗೆ ಹತ್ತಿಬಿಟ್ಟೆವು. ನಾಳೆ ಇನ್ನೊಮ್ಮೆ ನಿನ್ನೊಟ್ಟಿಗೆ ಹತ್ತಿದ್ರಾಯ್ತು," ಎಂದರು ಇವರು. ಉಂಡು ಮೂವರೂ ಮಲಗಿದರು. ನಾನು ಪಾತ್ರೆ ತೊಳೆದೆ.

ಮರುದಿನ ಅಡುಗೆ ಮಾಡಲಿಲ್ಲ. ಎಲ್ಲರಿಗಿಂತ ಮೊದಲು ಸೀರೆ ಉಟ್ಟು ನಿಂತೆ. ಸೇತುವೆ ದಾಟಿ, ಕಲ್ಲು ಹಾಸಿದ ಓಣಿ ಹತ್ತಿ ಕೋಟೆಗೆ ಹೋದೆವು. ಗೋಪುರದ ಬಾಗಿಲಿಗೆ ಬೀಗ. ಸೋಮವಾರ ಅಲ್ಲಿ ರಜೆ. ಮಧ್ಯಾಹ್ನ ನಮ್ಮ ಬಸ್ಸು. "ಛೆ, ಖಲಾಸ್," ಎಂದರು ನನ್ನ ಗಂಡ, ಕರಾಮದಲ್ಲಿ ಪಾರ್ಕಿಂಗ್ ಸಿಗದಿದ್ದರೆ ಹೇಳುವಷ್ಟೇ ಸಲೀಸಾಗಿ. ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು.

ಕೆಲವು ತಿಂಗಳ ನಂತರ ಒಂದು ಶುಕ್ರವಾರ ಅದೇ ಗೆಳೆಯರು ಸಂಸಾರ ಸಮೇತ ನಮ್ಮಲ್ಲಿಗೆ ಊಟಕ್ಕೆ ಬಂದರು. ಊಟವಾದ ಮೇಲೆ ನನ್ನ ಗಂಡ ಪ್ರವಾಸದ ಫೋಟೋಗಳನ್ನು ಟಿ.ವಿ.ಯಲ್ಲಿ ಹಾಕಿದರು. ಗೋಪುರದ ಮೇಲಿನವೇ ಇಪ್ಪತ್ತು ಮೂವತ್ತು ಇದ್ದವು.

"ಆಂಟಿ, ವೇರ್ ಆರ್ ಯು?" ಎಂದು ಗೆಳೆಯರೊಬ್ಬರ ಮಗಳು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಇವರು ನಕ್ಕರು. "ಫೋಟೋ ತೆಗ್ದವಳೇ ಇವಳಲ್ವಾ? ಮೇಲೆ ಹೋದದ್ದೇ ಹೆದ್ರಿ ನನ್ನ ಕೈ ಹಿಡ್ಕೊಂಡವಳು, ಇಳಿಯುವವರೆಗೆ ಬಿಡ್ಲಿಲ್ಲ."

ಎಲ್ಲರೂ ನಕ್ಕರು, ಅಲ್ಲಿದ್ದು ಬಂದ ಗೆಳೆಯರಿಬ್ಬರೂ. ಕೈ ಹಿಡಿದುಕೊಂಡೇ ಫೋಟೋ ತೆಗೆದ ಮಹಾ ಚತುರೆ ನಾನು! ಮರ್ಯಾದೆ ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾರೇನೋ ಎಂದು ನನ್ನ ಗಂಡನ ಮುಖ ನೋಡಿದೆ. ಸುಳ್ಳು ಹೇಳುವಾಗ ಅವರು ನನ್ನನ್ನು ನೋಡುವುದಿಲ್ಲ, ಅದು ನನಗೆ ಗೊತ್ತು. ಆಗ ನೇರವಾಗಿ ನನ್ನನ್ನೇ ನೋಡುತ್ತಿದ್ದರು. ಎಷ್ಟೋ ವರ್ಷಗಳಿಂದ ಕಾಣದ ಪ್ರೀತಿ ಆ ಕಣ್ಣುಗಳಲ್ಲಿತ್ತು. ಅವರಿಗೆ ಅದು ನಿಜವಾಗಿಯೂ ನೆನಪಿತ್ತು. ನಾನು ಅಲ್ಲಿರಲಿಲ್ಲ ಎಂಬುದೇ ಅವರಿಗೆ ಗೊತ್ತಾಗಿರಲಿಲ್ಲ.

"ಅಲ್ವಾ?" ಎಂದರು.

"ಹೌದು, ತುಂಬಾ ಎತ್ತರ ಇತ್ತು," ಎಂದೆ.