ಎರಡನೆಯ ಸೀಸೆಯ ಬಲೂನು

ಮಂಜುಳಾಳ ಎರಡನೆಯ ಸೀಸೆಯ ಬಲೂನಿನಿಂದ ಗಾಳಿ ತೆಗೆದವನು ನಾನೇ. ತೆಗೆದದ್ದಷ್ಟೇ ಅಲ್ಲ, ಅದು ಊದಿರಲೇ ಇಲ್ಲವೆಂದು ಅವಳ ಬಾಯಿಂದಲೇ ಹೇಳಿಸಿದೆ. ಒಂದು ಬಲೂನಿನ ವಿಷಯಕ್ಕೆ ಇಷ್ಟೆಲ್ಲ ಪೀಠಿಕೆಯೇ ಎಂದು ನೀವು ನಗಬಹುದು — ನಾನೂ ಎಷ್ಟೋ ವರ್ಷ ಹಾಗೇ ನಕ್ಕು ಜಾರಿಕೊಂಡವನು. ಈಗ ಆಗುತ್ತಿಲ್ಲ.

ತೊಂಬತ್ತರ ದಶಕದ ಕೊನೆ. ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಶನಿಗ್ರಹದ ಕಡೆಗೆ ನೌಕೆಯೊಂದು ಹೊರಟಿತ್ತು. ಶನಿಯ ದೊಡ್ಡ ಚಂದ್ರ ಟೈಟಾನ್ ಬಗ್ಗೆ ಪತ್ರಿಕೆಯಲ್ಲಿ ಓದಿದ್ದನ್ನು ಒಂಬತ್ತನೇ ತರಗತಿಯಲ್ಲಿ ಹುರುಪಿನಿಂದ ಹೇಳಿದೆ — ಅಲ್ಲಿ ಮೀಥೇನ್ ಅನಿಲ ಇದೆ, ಸೂರ್ಯನ ಬೆಳಕು ಅದನ್ನು ಒಡೆಯುತ್ತಲೇ ಇದ್ದರೂ ಮುಗಿದಿಲ್ಲ, ಎಲ್ಲಿಂದಲೋ ಹೊಸದಾಗಿ ಬರುತ್ತಿರಬೇಕು, ಜೀವಿಗಳಿಂದಲೇ ಇರಬಹುದು. ಹಿಂದಿನ ಬೆಂಚಿನಿಂದ ಮಂಜುಳಾ ಎದ್ದಳು. ಅವರ ಮನೆಯಲ್ಲಿ ಗೋಬರ್ ಗ್ಯಾಸಿನ ಗುಂಡಿ ಇತ್ತು.

"ನಮ್ಮನೆ ಒಲೇಲಿ ಉರಿಯೋದೂ ಅದೇ ಅಲ್ವಾ ಸಾ?"

ಹಾಸನದ ವಿಜ್ಞಾನ ಪ್ರದರ್ಶನಕ್ಕೆ ಅವಳದೇ ಪ್ರಯೋಗ ಎಂದು ಅವತ್ತೇ ತೀರ್ಮಾನಿಸಿದೆ. ಎರಡು ಸೀಸೆ. ಒಂದರಲ್ಲಿ ಹಸಿ ಸಗಣಿಯ ನೀರು, ಇನ್ನೊಂದರಲ್ಲಿ ಚೆನ್ನಾಗಿ ಕುದಿಸಿ ಆರಿಸಿದ್ದು. ಎರಡರ ಬಾಯಿಗೂ ಬಲೂನು. ಹಸಿಯದರಲ್ಲಿ ಸೂಕ್ಷ್ಮಜೀವಿಗಳಿವೆ, ಬಲೂನು ಊದುತ್ತದೆ. ಕುದಿಸಿದ್ದರಲ್ಲಿ ಅವು ಸತ್ತಿವೆ, ಊದುವುದಿಲ್ಲ. ಅನಿಲ ಇದ್ದಲ್ಲಿ ಜೀವ ಇದೆ — ಹೀಗೆಂದು ಚಾರ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ನಾನೇ ಬರೆದೆ, ಬಲೂನು ಕಟ್ಟುವ ಮೊದಲೇ. ನನ್ನ ಪದ್ಧತಿಯೇ ಹಾಗಿತ್ತು. ಮಕ್ಕಳ ಪ್ರಾಕ್ಟಿಕಲ್ ರೆಕಾರ್ಡಿನಲ್ಲೂ ಫಲಿತಾಂಶ ಮೊದಲು ಬರೆಸುತ್ತಿದ್ದೆ, ಕಂಡದ್ದನ್ನು ಆಮೇಲೆ ಅದಕ್ಕೆ ತಕ್ಕ ಹಾಗೆ ತುಂಬಿಸುತ್ತಿದ್ದೆ.

ಪ್ರದರ್ಶನದ ಹಿಂದಿನ ದಿನ ಮಂಜುಳಾ ಸ್ಟಾಫ್ ರೂಮಿಗೆ ಓಡಿ ಬಂದಳು. "ಸಾ, ಎರಡ್ನೇದೂ ಊದ್ಕಂಡೈತೆ. ಜೀವ ಇಲ್ದಿದ್ರೂವೆ ಗ್ಯಾಸ್ ಬತ್ತದಾ ಸಾ?"

ಕುದಿಸಿದ್ದು ಸಾಲದೆ ಕೆಲವು ಜೀವಿಗಳು ಉಳಿದಿದ್ದವೋ, ಕಿಟಕಿಯ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿತ್ತೋ, ಅಥವಾ ಬೇರೇನಾದರೂ — ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ. ನೋಡೋಣ ನಡಿ ಎಂದು ಕಳಿಸಿದೆ. ಮರುದಿನ ಹಾಸನದಲ್ಲಿ ಅವಳು ಕೈ ತೊಳೆಯಲು ಹೋಗಿದ್ದಾಗ ದಾರ ಸಡಿಲಿಸಿ, ಗಾಳಿ ಬಿಟ್ಟು, ಮತ್ತೆ ಕಟ್ಟಿದೆ. ಅರ್ಧ ನಿಮಿಷದ ಕೆಲಸ.

ತೀರ್ಪುಗಾರರು ಬಂದರು, ಚಾರ್ಟು ಓದಿ ತಲೆದೂಗಿದರು. ಮಂಜುಳಾ ಮಾತ್ರ ಜೋತುಬಿದ್ದ ಬಲೂನನ್ನೇ ನೋಡುತ್ತಿದ್ದಳು.

"ನಿನ್ನೆ ಇದೂ ಊದ್ಕಂಡಿತ್ತು ಸಾ. ನಾನೇ ನೋಡಿವ್ನಿ" ಅಂದುಬಿಟ್ಟಳು.

ನಾನು ನಕ್ಕೆ. "ಗಾಬರೀಲಿ ಏನೋ ಹೇಳ್ತಿದಾಳೆ ಸಾರ್. ಸರಿಯಾಗಿ ನೋಡಿಲ್ಲ. ಅಲ್ವೇನಮ್ಮಾ?"

ಅವಳು ನನ್ನ ಮುಖ ನೋಡಿದಳು. ಗದರಿದ್ದರೆ ವಾದಿಸುತ್ತಿದ್ದಳೋ ಏನೋ — ಅಕ್ಕರೆಯಿಂದ ಅಂದಿದ್ದೆನಲ್ಲ. "ಊಂ ಸಾ" ಅಂದಳು. "ನಾನ್ ಸರ್ಯಾಗ್ ನೋಡ್ನಿಲ್ಲ."

ಮೊದಲ ಬಹುಮಾನ ಬಂತು. ಮೇಷ್ಟ್ರ ಮರ್ಯಾದೆ ಉಳಿಸಲು ಜಾಣೆ ಹುಡುಗಿ ಒಪ್ಪಿಕೊಂಡಳು, ಅಷ್ಟೇ — ಹೀಗೆಂದು ನನಗೆ ನಾನೇ ಹೇಳಿಕೊಂಡೆ.

ಕೆಲವು ವರ್ಷಗಳ ಮೇಲೆ ಆ ನೌಕೆ ಶನಿಯನ್ನು ತಲುಪಿತು, ಅದರಿಂದ ಬೇರ್ಪಟ್ಟ ಯಂತ್ರ ಟೈಟಾನ್ ನೆಲಕ್ಕಿಳಿಯಿತು. ಅಲ್ಲಿನ ಮೀಥೇನ್ ಜೀವವಿಲ್ಲದೆಯೂ ಹುಟ್ಟಿರಬಹುದು, ಅದೊಂದನ್ನೇ ನಂಬಿ ಜೀವವಿದೆ ಎನ್ನಲಾಗದು ಎಂದು ಪತ್ರಿಕೆಯಲ್ಲಿ ಓದಿದಾಗ ಮೈಯೆಲ್ಲ ಉರಿಯಿತು. ಇದೇ ಪ್ರಶ್ನೆಯಲ್ಲವೇ ಅವಳು ಸಗಣಿಯ ಸೀಸೆ ನೋಡಿ ಕೇಳಿದ್ದು? ಅದಕ್ಕೆ ನಾನು ಮಾಡಿದ್ದೇನು? ಪತ್ರಿಕೆಯನ್ನು ಮುದುರಿ ಎಸೆದೆ. ಎಸೆದರೆ ಏನು ಬಂತು!

ಹೋದ ತಿಂಗಳು ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಮಂಜುಳಾ ಸಿಕ್ಕಳು. ಬಾಗೂರಿಗೆ ಮದುವೆಯಾಗಿ, ಅಲ್ಲೇ ಅಂಗನವಾಡಿ ಟೀಚರ್ ಆಗಿದ್ದಾಳಂತೆ. ಪ್ರದರ್ಶನದ ಮಾತು ಅವಳೇ ತೆಗೆದಳು. ಈಗಲಾದರೂ ಹೇಳಿಬಿಡೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ —

"ಅವತ್ತು ನೀವಿಲ್ದಿದ್ರೆ ನನ್ ಮಾನ ಓಯ್ತಿತ್ತು ಸಾ. ಊದ್ದೇ ಇರೋ ಬಲೂನ್ನ ಊದೈತೆ ಅಂದ್ಬುಟ್ಟಿದ್ದೆ! ಅದ್ಕೇ ಪಿಯುಸೀಲಿ ಸೈನ್ಸ್ ತಗೊಳ್ನಿಲ್ಲ. ಈಗ್ಲೂ ಮಕ್ಕುಳ್ ತೂಕ ಎರಡೆರಡ್ ಸಲ ನೋಡ್ತೀನಿ. ಆಮ್ಯಾಕೆ ಅಡ್ಗೆ ಮಾಡೋ ಆಯಮ್ಮನ್ನೂ ಕರ್ದು ಓದುಸ್ತೀನಿ. ನನ್ ಕಣ್ ಮ್ಯಾಲೆ ನಂಗೇ ನಂಬ್ಕೆ ಇಲ್ಲ ಸಾ."

ನಗುನಗುತ್ತಲೇ ಹೇಳಿದಳು. ಅವಳು ನನ್ನ ಮರ್ಯಾದೆ ಉಳಿಸಿರಲಿಲ್ಲ — ನನ್ನನ್ನು ನಂಬಿದ್ದಳು. ಇಷ್ಟು ವರ್ಷವೂ ನಂಬಿಕೊಂಡೇ ಬಂದಿದ್ದಳು. ಅವಳ ಬಸ್ಸು ಬಂತು. ಹುಷಾರಮ್ಮಾ ಅಂದೆ. ನನ್ನಿಂದ ಆದದ್ದು ಅಷ್ಟೇ. ಬಸ್ಸು ಹೋದ ಮೇಲೂ ಅಲ್ಲೇ ನಿಂತು ನನ್ನನ್ನು ನಾನು ಬೈದುಕೊಂಡೆ.

ಆಮೇಲೆ ಮೂರು ಸಲ ಕಾಗದ ಬರೆಯಲು ಕೂತೆ. ಒಂದರಲ್ಲಿ ಶಾಲೆಯ ಹೆಸರು ಉಳಿಸಲು ಎಂಬ ನೆಪ ನುಸುಳಿತು, ಇನ್ನೊಂದರಲ್ಲಿ ನಿನ್ನ ಒಳ್ಳೆಯದಕ್ಕೇ ಎಂಬ ಮಾತು, ಮೂರನೆಯದರಲ್ಲಿ — ಬೇಡ. ಮೂರನ್ನೂ ಹರಿದೆ. ಗೊತ್ತಿಲ್ಲ ಎನ್ನಲಾರದೆ ಒಂದು ಹುಡುಗಿಯ ಕಣ್ಣನ್ನೇ ಸುಳ್ಳು ಮಾಡಿದೆ. ಇದರ ಮುಂದೆ ಏನೇ ಸೇರಿಸಿದರೂ ಅದು ಇನ್ನೊಂದು ಸುಳ್ಳು.

ನಾಳೆ ಬಾಗೂರಿಗೆ ಹೋಗುತ್ತೇನೆ. ಎದುರಿಗೇ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಅದಕ್ಕೆ ಹೆದರಿಕೆಯಿಲ್ಲ. ನನ್ನ ಹೆದರಿಕೆಯೇ ಬೇರೆ — ತನ್ನನ್ನು ಸಮಾಧಾನ ಮಾಡಲು ಪಾಪ ಮೇಷ್ಟ್ರು ಸುಳ್ಳು ಹೇಳುತ್ತಿದ್ದಾರೆ ಎಂದು ಅವಳು ಅಂದುಕೊಂಡರೆ? ಅಲ್ಲವೆಂದು ಅವಳನ್ನು ನಂಬಿಸಲು ನನ್ನ ಬಳಿ ಏನೂ ಇಲ್ಲ.