ಅಪ್ಪನ ಅಂಗೈ, ಕಾರಿನ ಮೈ

ಉಂಡ ತಟ್ಟೆಯನ್ನು ತೊಳೆದಿಟ್ಟ ಕೀರ್ತಿ ನನಗಿಲ್ಲ. ಅಂಥ ನಾನು ಕಳೆದ ಭಾನುವಾರ ಬೆಳಗಿನಿಂದ ಸಂಜೆಯವರೆಗೆ ನಂಜನಗೂಡಿನ ನಮ್ಮ ಮನೆಯಂಗಳದಲ್ಲಿ ಕೂತು, ಇಪ್ಪತ್ತೆರಡು ವರ್ಷದ ಹಳೇ ನೀಲಿ ಕಾರನ್ನು ಅಂಗೈಯಗಲ ಅಂಗೈಯಗಲವಾಗಿ ಉಜ್ಜಿದೆ. ನನ್ನ ಹೆಂಡತಿ ಸಾವಿತ್ರಿ ಎರಡು ಸಲ ಬಾಗಿಲಿಗೆ ಬಂದು, ನೋಡಿ, ಏನೂ ಹೇಳದೆ ಒಳಗೆ ಹೋದಳು. ಆ ಮೌನದಲ್ಲಿ ಅಡುಗೆಮನೆ ಸಿಂಕಿನ ಪ್ರಸ್ತಾಪ ನನಗೆ ಸ್ಪಷ್ಟವಾಗಿ ಕೇಳಿಸಿತು.

ಇದಕ್ಕೆಲ್ಲ ಕಾರಣ ನಮ್ಮಪ್ಪ. ಟಿ. ನರಸೀಪುರದ ಕಡೆ ಹಳ್ಳಿಗಳಲ್ಲಿ ದನದ ಡಾಕ್ಟರಾಗಿದ್ದವರು. ಹಸುವಿನ ಹತ್ತಿರ ಹೋದರೆ ಮೊದಲು ಮಾತಿಲ್ಲ. ಕತ್ತಿನಿಂದ ಬಾಲದವರೆಗೆ ಒಂದು ಸಲ ಅಂಗೈ ಆಡಿಸುವುದು. ಉಣ್ಣೆ ಹುಳ ಎಲ್ಲಿ ಕಚ್ಚಿಕೊಂಡಿದೆ, ಬಾವು ಎಲ್ಲಿದೆ, ಎಲ್ಲವೂ ಕೈಗೇ ತಿಳಿಯುತ್ತಿತ್ತು. ಮೂರು ವರ್ಷದ ಹಿಂದೆ ಗ್ಲಾಕೋಮಾದಿಂದ ಅವರ ಎರಡೂ ಕಣ್ಣಿನ ನೋಟ ಹೋಯಿತು. ಹಸುಗಳೂ ಈಗ ಇಲ್ಲ. ಉಳಿದಿರುವುದು ಅವರು ಊರೂರು ಸುತ್ತಿದ ಈ ಕಾರು. ದಿನಾ ಬೆಳಿಗ್ಗೆ ಗೋಡೆ ಹಿಡಿದು ಅಂಗಳಕ್ಕೆ ಬಂದು, ಬಾನೆಟ್ಟಿನ ಮೈದಡವಿ, "ಮೈಯೆಲ್ಲಾ ಒರಟಾಗಿ ಅದೆ ಕಣ್ಲಾ, ಸರ್ಯಾಗಿ ನೋಡ್ಕತಾ ಇಲ್ಲ ನೀನು" ಎಂದು ನನ್ನನ್ನು ಬೈದು ಒಳಗೆ ಹೋಗುತ್ತಾರೆ. ಮಾಸಿದ ಬಣ್ಣ ಅವರಿಗೆ ಕಾಣುವುದಿಲ್ಲ. ನುಣುಪಾದರೂ ಕೈಗೆ ಸಿಗಲಿ ಎಂದು ನನಗೆ ಆಸೆಯಾಯಿತು.

ಪಾಲಿಶ್ ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ. ಹಾಗಲ್ಲವಂತೆ. ಎಷ್ಟು ತೊಳೆದರೂ ಬಣ್ಣಕ್ಕೆ ಕಚ್ಚಿಕೊಂಡ ಸಣ್ಣ ಕಸ ಹೋಗುವುದಿಲ್ಲ. ಬ್ರೇಕಿನ ಕಬ್ಬಿಣದ ಪುಡಿ, ರಸ್ತೆಯ ಟಾರು, ಮರದ ಅಂಟು, ನಮ್ಮ ಕಡೆಯಾದರೆ ಆಲೆಮನೆ ಹೊಗೆಯ ಮಸಿ. ಅದನ್ನು ಬಿಡಿಸದೆ ಪಾಲಿಶ್ ತಿಕ್ಕಿದರೆ ಆ ಕಸವೇ ಉರುಳಿ ಗೀರು ಎಳೆಯುತ್ತದೆ. ಬಿಡಿಸಲಿಕ್ಕೆಂದೇ ಕ್ಲೇ ಬಾರ್ ಎಂಬ ಮೆತ್ತನೆಯ ಜೇಡಿ ಸಿಗುತ್ತದೆ, ಸೋಪಿನ ಬಿಲ್ಲೆಯಷ್ಟು. ಸೋಪುನೀರು ಚಿಮುಕಿಸಿ, ಭಾರ ಹಾಕದೆ ಹಿಂದೆ ಮುಂದೆ ಜಾರಿಸಬೇಕು. ಮೊದಲು ಗರಗರ ಅನ್ನುತ್ತದೆ, ಆಮೇಲೆ ಸದ್ದಡಗಿ ಸಲೀಸಾಗುತ್ತದೆ. ಅಲ್ಲಿಗೆ ಆ ಜಾಗದ ಉಣ್ಣೆ ಹುಳ ಕಿತ್ತ ಹಾಗೆ. ಕೈಗೆ ತೆಳ್ಳನೆ ಪ್ಲಾಸ್ಟಿಕ್ ಕವರ್ ಹಾಕಿ ಸವರಿದರೆ ಬರಿಗೈಗೆ ತಿಳಿಯದ ತರಿಯೂ ತಿಳಿಯುತ್ತದೆ. ನನಗೆ ಕವರ್ ಬೇಕಾಯಿತು. ಅಪ್ಪನಿಗೆ ಎಂದೂ ಬೇಕಾಗಿರಲಿಲ್ಲ.

ಅರ್ಧ ಬಾನೆಟ್ಟು ಮುಗಿಯುವಷ್ಟರಲ್ಲಿ ನನ್ನ ಕಣ್ಣಿಗೆ ನಾನೇ ಸೋಮನಾಥಪುರದ ಶಿಲ್ಪಿಯಾಗಿಬಿಟ್ಟಿದ್ದೆ. ಅವರು ಕೆತ್ತಿದ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೃದುವಂತೆ, ಗಾಳಿಗೊಡ್ಡಿದ ಮೇಲೆ ಗಟ್ಟಿಯಾಗುತ್ತದಂತೆ. ಇಂಥ ವಿದ್ವತ್ತಿನಲ್ಲಿ ಮೈಮರೆತಾಗಲೇ ಕ್ಲೇ ಕೈಜಾರಿ ಮಣ್ಣಿಗೆ ಬಿತ್ತು. ಬಿದ್ದದ್ದನ್ನು ಮತ್ತೆ ಬಳಸಬಾರದು, ಮರಳು ಮೆತ್ತಿಕೊಂಡು ಕಾರನ್ನೇ ಗೀಚುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿತ್ತು. ಆದರೆ ಎಸೆಯುವ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ. ನಲ್ಲಿಯಡಿ ಹಿಡಿದು ತೊಳೆಯುತ್ತಿದ್ದಾಗ ಸಾವಿತ್ರಿಯ ಮೌನ ಮುರಿಯಿತು. "ನೆಲಕ್ಕೆ ಬಿದ್ದ ಮುದ್ದೆನ ತೊಳ್ದು ನಿಮ್ ತಟ್ಟೆಗಿಕ್ಲಾ?" ಎಂದಳು. ಅದನ್ನು ಕಿತ್ತು ಬಿಸಾಡಿ, ಹೊಸ ತುಂಡನ್ನು ರೊಟ್ಟಿಯಂತೆ ತಟ್ಟಿ, ಕೊಳೆಯಾದ ಮಗ್ಗುಲನ್ನು ಒಳಗೆ ಮಡಚಿ ನಾದುವುದು ಹೇಗೆಂದು ತೋರಿಸಿದಳು. ನನ್ನ ಮೂರು ಗಂಟೆಯ ಸಾಧನೆಗಿಂತ ಅವಳ ಮೊದಲ ಮಡಿಕೆಯೇ ಚೆನ್ನಾಗಿತ್ತು.

ಸಂಜೆಗೆ ಪಾಲಿಶೂ ಮುಗಿಯಿತು. ಉಳಿದದ್ದು ಎಡಗಡೆ ಹಿಂಬದಿಯ ಒಂದು ನೆಗ್ಗು. ಅಪ್ಪ ನಮ್ಮವ್ವನಿಗೆ ಡ್ರೈವಿಂಗ್ ಕಲಿಸಲು ಹೋದ ದಿನ, ಸೋಮನಾಥಪುರದ ದಾರಿಯಲ್ಲಿ ಅವ್ವ ರಿವರ್ಸ್ ತೆಗೆದು ಮೈಲಿಗಲ್ಲಿಗೆ ಕೊಟ್ಟದ್ದು. ಅದನ್ನೂ ತೆಗೆಸಿಬಿಡೋಣವೆಂದು, ಬುಧವಾರ ಬರುತ್ತೇನೆ ಎಂದು ನರಸೀಪುರದ ಟಿಂಕರಿಂಗ್ ಶೆಡ್ಡಿನವನಿಗೆ ಹೇಳಿಟ್ಟಿದ್ದೆ.

ಸೋಮವಾರ ಬೆಳಿಗ್ಗೆ ಅಪ್ಪ ಎಂದಿನಂತೆ ಬಂದರು. ಶಹಭಾಸ್ ಅನ್ನಿಸಿಕೊಳ್ಳಲು ನಾನು ಪಕ್ಕದಲ್ಲೇ ನಿಂತೆ. ಬಾನೆಟ್ಟಿನ ಮೇಲಿಟ್ಟ ಅಂಗೈ ಜಾರಿತು. ಥಟ್ಟನೆ ಹಿಂದಕ್ಕೆಳೆದುಕೊಂಡರು.

"ಇದ್ಯಾರ ಕಾರ್ಲಾ?"

ನಾನು ಬಾಯಿ ತೆರೆಯುವ ಮೊದಲೇ, ಸಣ್ಣ ದನಿಯಲ್ಲಿ, "ನಮ್ದ ಮಾರ್ಬುಟ್ಯಾ? ಒಂದ್ ಮಾತ್ ಏಳ್ಬಾರ್ದಾಗಿತ್ತಾ?" ಎಂದರು.

ಇಡೀ ದಿನ ಉಜ್ಜಿ ಉಜ್ಜಿ, ಅಪ್ಪನ ಕೈಗೆ ಉಳಿದಿದ್ದ ಗುರುತನ್ನೇ ಅಳಿಸಿಬಿಟ್ಟೆನಲ್ಲ ಎಂದು ಸಂಕಟವಾಯಿತು. "ಇಲ್ಲಪ್ಪ, ನಮ್ದೇ" ಎಂದೆ. ಅವರು ನಂಬಲಿಲ್ಲ. ಹಸುವನ್ನು ಪರೀಕ್ಷಿಸುವ ಹಾಗೆಯೇ ನಿಧಾನವಾಗಿ, ಬಾಗಿಲು ದಾಟಿ, ಹಿಂದಿನ ಚಕ್ರ ದಾಟಿ ಕೈಯಾಡಿಸುತ್ತಾ ಹೋದರು. ನೆಗ್ಗಿನೊಳಗೆ ಅಂಗೈ ಇಳಿದು ನಿಂತಿತು. ಮುಖ ಅರಳಿತು.

"ಲೇ, ಇಲ್ಲೇ ಅದೆ ಕಣ್ಲಾ ನಿಮ್ಮವ್ವನ ರುಜು!"

"ಆ ಕಲ್ಲ ಅಲ್ ನೆಟ್ಟೋರ್ನ ಕೇಳಿ, ನನ್ನೇನ್ ಕೇಳ್ತೀರಿ" ಎಂದು ಅವ್ವ ಒಳಗಿನಿಂದಲೇ ಕೂಗಿದಳು. ಅಪ್ಪ ನೆಗ್ಗಿನಿಂದ ಕೈ ತೆಗೆಯದೆ ನಗುತ್ತಿದ್ದರು. ಹೊರಗಿಂದ ಬಂದು ಮೆತ್ತಿಕೊಂಡದ್ದನ್ನಷ್ಟೇ ಕ್ಲೇ ತೆಗೆಯುತ್ತದೆ, ಪುಣ್ಯಕ್ಕೆ.

ಮಧ್ಯಾಹ್ನ ಶೆಡ್ಡಿನವನಿಗೆ ಫೋನ್ ಮಾಡಿ, ಬುಧವಾರ ಬರುವುದಿಲ್ಲ ಎಂದೆ.

"ಯಾಕ್ ಸಾ? ಆ ಗಾಡೀಲಿ ಕೆಟ್ಟಿರೋದು ಅದೊಂದೇ ಅಲ್ವಾ?"

"ಅದಿರ್ಲಿ ಬಿಡಪ್ಪ" ಎಂದೆ. "ನಮ್ಮಪ್ಪಂಗೆ ಕಾಣೋದು ಅದೊಂದೇ."