ಮಾಲಕೀಣಬಾಯಿಯ ಸೀಟು

ಕೊಲ್ಹಾಪುರ ಕಡೆಯ ಗಡಹಿಂಗ್ಲಜದ ಮಂಗಲಾಬಾಯಿಯವರ ಹೆಸರಿನಲ್ಲಿ ಒಂದು ಮನೆ, ಒಂದು ಬೋರ್‌ವೆಲ್, ಖಾರ ಕುಟ್ಟುವ ಗಿರಣಿ ಮತ್ತು ಒಂದು ಬಿಳಿ ಕಾರು ಇವೆ. ಯಜಮಾನ ಬಾಳಗೊಂಡರ ಹೆಸರಿನಲ್ಲಿರುವುದು ಲಗ್ನಪತ್ರಿಕೆ ಮಾತ್ರ, ಅದೂ ಅರ್ಧ.

ಇದು ಮಹಿಳಾ ಚಳವಳಿಯ ಫಲವೆಂದು ತಿಳಿಯಬೇಡಿ. ಬಾಳಗೊಂಡರು ಹರೆಯದಲ್ಲಿ ತಮ್ಮ ಹೆಸರಿನಲ್ಲಿ ಕೊಂಡ ಮೊಪೆಡ್ಡು ಕೊಲ್ಹಾಪುರದಲ್ಲಿ ಕಳುವಾಯಿತು. ತೋಡಿಸಿದ ಬಾವಿಯಲ್ಲಿ ಬಂಡೆ ಸಿಕ್ಕಿತು. ಆಮೇಲೆ ಮಂಗಲಾಬಾಯಿ ಸೊಸೆಯಾಗಿ ಬಂದರು, ಅವರ ಹೆಸರಿನಲ್ಲಿ ಕೊರೆಸಿದ ಬೋರ್‌ವೆಲ್ಲಿನಲ್ಲಿ ನೀರು ಚಿಮ್ಮಿತು. "ಕಾಲ್ಗುಣ ಚಲೋ ಐತಿ" ಎಂದರು ಅತ್ತೆ. ಅಂದಿನಿಂದ ಆ ಮನೆಗೆ ಬಂದದ್ದೆಲ್ಲ ಸೊಸೆಯ ಹೆಸರಿನಲ್ಲೇ ಬಂತು. ಗಿರಣಿಯೂ ಹಾಗೆಯೇ. ಜೈನರ ಮನೆ, ಒಲೆಗೆ ಉಳ್ಳಾಗಡ್ಡಿ-ಬೆಳ್ಳುಳ್ಳಿ ಸೋಕುವುದಿಲ್ಲ. ಆದರೆ ಊರಿನ ಉಳ್ಳಾಗಡ್ಡಿ-ಬೆಳ್ಳುಳ್ಳಿ ಖಾರವೆಲ್ಲ ಕುಟ್ಟಿಸಿಕೊಳ್ಳುವುದು ಮಂಗಲಾಬಾಯಿಯ ಹತ್ತಿರವೇ. ನಾಲಿಗೆಗೆ ಹಚ್ಚದೆ ಬಣ್ಣ ನೋಡಿಯೇ ಹದ ಹೇಳುತ್ತಾರೆ.

ಕಾರಿನ ಕಾಗದದ ಮೇಲಿನ ಸಹಿ ಅವರದು, ಸ್ಟೇರಿಂಗು ಬಾಳಗೊಂಡರದು. ಮಾಲಕೀಣಬಾಯಿ ಬಾಜೂ ಸೀಟಿನಲ್ಲಿ ಕುಳಿತು ರವಿವಾರಕ್ಕೊಮ್ಮೆ ಇಚಲಕರಂಜಿಯ ಮಗಳು ಹರ್ಷದಾಳ ಮನೆಗೆ ಹೋಗಿಬರುತ್ತಿದ್ದರು. ಈ ಸಂಕ್ರಾಂತಿಯ ಹೊತ್ತಿಗೆ, ಅಂಥದೊಂದು ರವಿವಾರ, ಕಬ್ಬಿನ ಟ್ರ್ಯಾಕ್ಟರಿನ ಹಿಂದಿನ ಟ್ರಾಲಿ ತಿರುವಿನಲ್ಲಿ ಕಾರಿನ ಪಕ್ಕೆ ಸವರಿಕೊಂಡು ಹೋಯಿತು. ಕನ್ನಡಿ ಹೋಯಿತು, ಬಣ್ಣ ಹೋಯಿತು, ಇವರಿಬ್ಬರು ಉಳಿದರು.

ಮರುದಿನ ಮಂಗಲಾಬಾಯಿಯ ತಂಗಿಯ ಮಗ ಜಿನೇಂದ್ರ ವಿಚಾರಿಸಲು ಬಂದ. ಅವನು ವಿಮೆ ಏಜೆಂಟ.

"ಕನ್ನಡಿದರ ಏನರ ಬರ್ತೈತೇನೋ?" ಎಂದರು ಬಾಳಗೊಂಡರು.

"ಇಲ್ರಿ ಕಾಕಾ. ನಿಮ್ಮದು ಬರೇ ಥರ್ಡ್ ಪಾರ್ಟಿ. ನಿಮ್ಮ ಗಾಡಿಯಿಂದ ಹಾದ್ಯಾಗಿನ ಮಂದಿಗೆ ನುಕ್ಸಾನ ಆದ್ರ ಅವರಿಗೆ ಕೊಡ್ತಾರ. ಪೂರಾ ಪಾಲಿಸಿ ತಗೋರಿ ಅಂದ್ರ ಕಡಿಮಿ ರೊಕ್ಕದ್ದು, ಸೋವಿದ್ದದ್ದ ಹಾಕು ಅಂದಿದ್ರಿ."

"ನಮಗ ಏನರ ಆದ್ರ?" ಎಂದು ಮಂಗಲಾಬಾಯಿ ಕೇಳಿದರು.

ಜಿನೇಂದ್ರ ಚಹಾದ ಕಪ್ಪು ಕೆಳಗಿಟ್ಟ. "ಗಾಡಿ ಓಡಸೂ ಮಾಲಕರಿಗೆ ಅಪಘಾತದ ಕವರ್ ಇರ್ತೈತಿ, ಮಾವಶಿ. ಆದ್ರ ಮಾಲಕರ ಕಡೆ ಲೈಸೆನ್ಸ್ ಬೇಕು. ಮಾಲಕರು ನೀವು, ಲೈಸೆನ್ಸ್ ಕಾಕಾಂದು. ಹಿಂಗಾಗಿ ಇಬ್ಬರಿಗೂ ಇಲ್ಲ."

ಸೀಟಿಗೆ ಕವರು, ಸ್ಟೇರಿಂಗಿಗೆ ಕವರು, ಮಳೆಗಾಲದಲ್ಲಿ ಇಡೀ ಗಾಡಿಗೆ ಕವರು ತಂದಿದ್ದ ಬಾಳಗೊಂಡರಿಗೆ ಈ ಕವರು ಹೊಸದಾಗಿತ್ತು.

"ಅಂದ್ರ ಊರ ಮಂದಿಗೆ ಛತ್ರಿ ಹಿಡದು ನಾವ ತೊಯ್ಸಿಕೋತ ಹೊಂಟೇವಿ" ಎಂದರು ಮಂಗಲಾಬಾಯಿ.

"ಗಾಡಿ ಕಾಕಾನ ಹೆಸರಿಗೆ ಮಾಡಿಬಿಡ್ರಿ, ಸರಳ ಆಗ್ತೈತಿ."

"ಬ್ಯಾಡಪಾ" ಎಂದರು ಬಾಳಗೊಂಡರು. "ನನ್ನ ಹೆಸರಿಗೆ ಆತಂದ್ರ ಆ ಕವರ್ ಖರೇನ ಬೇಕಾಗ್ತೈತಿ."

ಮಂಗಲಾಬಾಯಿ ಅಂಗಳದ ಕಾರಿನ ಗೀರನ್ನೇ ನೋಡುತ್ತಿದ್ದರು. "ಹಂಗಾರ ಲೈಸೆನ್ಸ್ ನಾ ತಗೀತೀನಿ."

"ಈ ವಯಸ್ಸಿನಾಗ ನೀ ಗಾಡಿ ಕಲೀತಿ?"

"ಗಾಡಿ ಯಾರದ್ರಿ? ಲೈಸೆನ್ಸ್ ಬರೂತನಾ ಇಚಲಕರಂಜಿಗೆ ಎಸ್‌ಟಿ ಬಸ್."

ಪಾಲಿಸಿಯ ಮುದ್ದತು ಹೋಳಿ ಹಬ್ಬಕ್ಕೆ ಮುಗಿಯುವುದಿತ್ತು. ಮಂಗಲಾಬಾಯಿ ಮಾಯಪ್ಪನ ಡ್ರೈವಿಂಗ್ ಶಾಲೆಗೆ ಸೇರಿದರು. ಅತ್ತೆ ಮೆಚ್ಚಿದ ಕಾಲ್ಗುಣವನ್ನು ಕ್ಲಚ್ಚು ಮೆಚ್ಚಲಿಲ್ಲ. ಆಜರೆಯ ತವರಿನಲ್ಲಿ ಗೇರುಬೀಜ ಸುಲಿದು ಬೆಳೆದ ಕೈ; ಗಾಡಿಯ ಗೇರು ಮಾತ್ರ ಅವರನ್ನು ಕಂಡರೆ ಹಲ್ಲು ಕಡಿಯುತ್ತಿತ್ತು.

"ವೈನಿ, ಕ್ಲಚ್ ಸಾವಕಾಶ ಬಿಡ್ರಿ" ಎನ್ನುತ್ತಿದ್ದ ಮಾಯಪ್ಪ. "ಹಾವು ತುಳದಂಗ ಕಾಲ ತಗೀತೀರಿ."

"ನಮ್ಮ ಗಿರಣಿ ಬಟನ್ ಒತ್ತಿದ್ರ ಚಾಲೂ, ಒತ್ತಿದ್ರ ಬಂದ್. ನಡುವ ಇಷ್ಟು ನಾಟಕ ಇರಂಗಿಲ್ರಿ."

ಗಿರಣಿಗೆ ಮೆಣಸಿನಕಾಯಿ ತಂದ ನೆರೆಮನೆಯ ರಂಗುಬಾಯಿ ಕೆಣಕಿದರು: "ನಿಮ್ಮ ಗಾಡಿ ಬರೂ ವ್ಯಾಳ್ಯಾ ಹೇಳ್ರಿ. ಮೊಮ್ಮಕ್ಕಳನ್ನ ಒಳಗ ಕರಕೋತೀನಿ."

"ಅಂಜಬ್ಯಾಡ್ರಿ. ನಿಮಗ ಮೊದಲಿಂದ ಥರ್ಡ್ ಪಾರ್ಟಿ ಐತಿ."

ಕೊಲ್ಹಾಪುರದ ಆರ್‌ಟಿಓದವರು ಗಡಹಿಂಗ್ಲಜದಲ್ಲಿ ಕ್ಯಾಂಪ್ ಹಾಕಿದಾಗ ಮಂಗಲಾಬಾಯಿ ಪರೀಕ್ಷೆಗೆ ಹೋದರು. ಏರಿನಲ್ಲಿ ಗಾಡಿ ಬಂದ್ ಬಿತ್ತು, ಹಿಂದಕ್ಕೆ ಜಾರಿತು. ಸಾಹೇಬರು ಮರಾಠಿಯಲ್ಲಿ, "ಪುನ್ಹಾ ಯಾ" ಅಂದರು. ಮತ್ತೆ ಬನ್ನಿ ಎಂದು ಅಷ್ಟು ಸಭ್ಯವಾಗಿ ಕರೆದರೂ ಅದು ನಪಾಸೇ.

"ಸಾಕು ಬಿಡು. ಮಂದಿ ನಗತಾರ" ಎಂದರು ಬಾಳಗೊಂಡರು.

"ನಗಲಿ. ನಾಳೆ ಆ ಟ್ರಾಲಿ ಇನ್ನಷ್ಟು ಒಳಗ ಬಂದ್ರ ನಕ್ಕವರು ಮನಿ ನಡಸ್ತಾರೇನ್ರಿ?"

ಮರುದಿನ ಬೆಳಿಗ್ಗೆ ಮಾಯಪ್ಪನ ಗಾಡಿ ಏರಿನ ರಸ್ತೆಗೆ ಬಂದಾಗ ಬಾಳಗೊಂಡರು ಬದಿಯಲ್ಲಿ ನಿಂತಿದ್ದರು, ಕೈಯಲ್ಲಿ ಒಂದು ಕಲ್ಲು. ಗಾಡಿ ಹಿಂದೆ ಜಾರಿದರೆ ಗಾಲಿಗೆ ಇಡಲು. ಕೆಲವು ದಿನ ಅದು ಕೆಲಸಕ್ಕೆ ಬಂತು. ಆಮೇಲೆ ಒಂದು ಬೆಳಿಗ್ಗೆ ಗಾಡಿ ಏರಿನ ನಡುವೆ ನಿಂತು, ಒಂದಿಷ್ಟು ನಡುಗಿ, ಮುಂದಕ್ಕೇ ಹೋಯಿತು. ಬಾಳಗೊಂಡರು ಕಲ್ಲು ಹಿಡಿದುಕೊಂಡೇ ಹಿಂದೆ ಓಡಿದರು. ಮುಂದಿನ ಕ್ಯಾಂಪಿನಲ್ಲಿ ಮಂಗಲಾಬಾಯಿ ಪಾಸಾದರು.

ಹೋಳಿ ಹಬ್ಬಕ್ಕೆ ಮುಂಚೆ ಜಿನೇಂದ್ರ ಮತ್ತೆ ಬಂದ. ಈ ಸಲ ಸೋವಿಯ ಮಾತು ತೆಗೆಯಲು ಮಂಗಲಾಬಾಯಿ ಬಿಡಲಿಲ್ಲ. ಪೂರಾ ಪಾಲಿಸಿ, ಪಂಚಗಂಗೆ ಹೊಳೆ ಉಕ್ಕಿದ ವರ್ಷ ಎಂಜಿನ್ನಿಗೆ ನೀರು ಹೊಕ್ಕರೆ ಅದಕ್ಕೂ, ಓಡಿಸುವ ಮಾಲಕೀಣಬಾಯಿಗೂ, ಬಾಜೂ ಕುಳಿತವರಿಗೂ.

"ಕಾಕಾ ಒಬ್ಬರ ಓಡಿಸ್ಕೊಂಡ ಹೋದಾಗ ಹೆಂಗ?" ಎಂದ ಜಿನೇಂದ್ರ. "ಅವರಿಗೆ ಅಪಘಾತದ ಪಾಲಿಸಿ ಬ್ಯಾರೆ ಮಾಡಸ್ರಿ. ಅದು ಅವರ ಹೆಸರಿನ ಮ್ಯಾಲ ಬೇಕು."

"ನನ್ನ ಹೆಸರಿನ ಮ್ಯಾಲ?" ಬಾಳಗೊಂಡರು ಪೆನ್ನು ಕೆಳಗಿಟ್ಟರು.

"ನಿಮ್ಮ ಹೆಸರಿನ ಮ್ಯಾಲ ತಂದದ್ದು ಒಂದರ ಉಪಯೋಗಕ್ಕ ಬಂದೈತೇನ್ರಿ?" ಎಂದರು ಮಂಗಲಾಬಾಯಿ. "ಇದೂ ಉಪಯೋಗಕ್ಕ ಬರದ ಇರಲಿ. ಮಾಡ್ರಿ ಸಹಿ."

ಬಾಳಗೊಂಡರು ಯೋಚಿಸಿದರು. ಆ ಮಾತಿನಲ್ಲಿ ಹುಳುಕು ಸಿಗಲಿಲ್ಲ. ಸಹಿ ಮಾಡಿದರು.

ಮುಂದಿನ ರವಿವಾರ ಕಾರು ಇಚಲಕರಂಜಿ ಮುಟ್ಟಿತು, ಎಂದಿಗಿಂತ ತಡವಾಗಿ. ಹೊರಗೆ ಬಂದ ಹರ್ಷದಾ ಸ್ಟೇರಿಂಗಿನ ಹಿಂದೆ ತಾಯಿಯನ್ನು ಕಂಡು ಅಲ್ಲೇ ನಿಂತಳು.

"ಅವ್ವಾ, ನೀ ಓಡಿಸ್ಕೊಂಡ ಬಂದೇನು?"

"ನಾ ಓಡಿಸಿದೆ. ನಿಮ್ಮಪ್ಪ ಬಾಜೂಕ ಕುಂತು ಇಲ್ಲದ ಬ್ರೇಕ್ ಒತ್ತಿದ್ರು. ಇಬ್ಬರೂ ಕೂಡಿ ಬಂದೇವಿ."

ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸಿ ಹೊರಟಾಗ ಅಳಿಯ ಅಭಿಜಿತ ಬಾಗಿಲವರೆಗೆ ಬಂದ. "ಮಾಮಾ, ವಾಪಸ್ ಹೋಗೂವಾಗ ನೀವ ಓಡಸ್ರಿ. ಹಾದ್ಯಾಗ ಕಬ್ಬಿನ ಗಾಡಿ ಭಾಳ ಅದಾವು."

"ಅದಕ್ಕ ಹೇಳಾಕತ್ತೇನಿ, ಆಕಿನ ಓಡಸಲಿ" ಎಂದರು ಬಾಳಗೊಂಡರು. "ನನಗಿಂತ ಸಾವಕಾಶ ಹೋಗ್ತಾಳ." ಹೋಗಿ ಬಾಜೂ ಸೀಟಿನಲ್ಲಿ ಕುಳಿತು ಬೆಲ್ಟು ಹಾಕಿಕೊಂಡರು. ಮಂಗಲಾಬಾಯಿ ಹೊಸ ಕನ್ನಡಿಯನ್ನು ತಮಗೆ ಬೇಕಾದಷ್ಟು ತಿರುಗಿಸಿ, ಗೇರು ಹಾಕಿದರು. ಈ ಸಲ ಅದು ಸದ್ದು ಮಾಡಲಿಲ್ಲ.